ಕಲ್ಲು ತೊಳೆಯುವ ನುಚ್ಚು

ಕಡೂರಿನಲ್ಲಿ ನಾನು ಪಾಠ ಹೇಳುವ ಶಾಲೆಯಿಂದ ಮನೆಗೆ ಹೋಗಲು ನೆಟ್ಟಗಿನ ದಾರಿಯೊಂದಿದೆ. ಆದರೂ ವಾರಕ್ಕೆರಡು ಸಲ ಕಾಲು ಸುತ್ತುದಾರಿಯ ಗಲ್ಲಿಗೇ ಎಳೆಯುತ್ತದೆ. ಅಲ್ಲಿ ಇನ್ನೂ ಒಂದು ಹಿಟ್ಟಿನ ಮಿಲ್ಲು ಉಳಿದುಕೊಂಡಿದೆ. ಆಗತಾನೇ ಬೀಸಿದ ರಾಗಿಯ ಬಿಸಿ ವಾಸನೆ, ಅದರೊಳಗೆ ಸೇರಿಕೊಂಡ ಕಾದ ಬೆಲ್ಟಿನ ರಬ್ಬರಿನ ಕಮಟು, ತಗಡಿಗೆ ಕಾಳು ಸುರಿಯುವಾಗ ಏಳುವ ಧೂಳಿನ ಒಣ ಘಾಟು ಮೂಗಿಗೆ ಬಡಿಯುತ್ತಿದ್ದ ಹಾಗೆ ನಿಲ್ಲುತ್ತೇನೆ. ನಿಂತ ಮೇಲೆ ನಿಲ್ಲಲಾಗುವುದಿಲ್ಲ. ಏನೋ ಮಾಡುವುದಿತ್ತು, ಯಾರಿಗೋ ಏನೋ ಹೇಳುವುದಿತ್ತು ಅನ್ನಿಸುತ್ತದೆ. ಮಿಲ್ಲಿನವನು "ಏನ್ ಬೇಕಿತ್ತು ಮೇಡಂ?" ಅಂದರೆ ಏನೂ ಇಲ್ಲವೆಂದು ಸರಸರ ನಡೆದುಬಿಡುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು, ಬೇಕೆಂದು ಹುಡುಕಿಕೊಂಡು ಹೋಗಿ ಸಿಕ್ಕ ಕೂಡಲೇ ತಪ್ಪಿಸಿಕೊಳ್ಳುವಂಥದ್ದು.

ನಮ್ಮ ಮಿಲ್ಲು ಇದ್ದದ್ದು ಅಜ್ಜಂಪುರದಲ್ಲಿ, ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ. ಊರು ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಮುಂದೆ ಮಿಲ್ಲು, ಹಿಂದೆ ಮನೆ, ನಡುವೆ ಒಂದು ಗೋಡೆ. ಆ ಗೋಡೆ ಮೋಟರು ಓಡುವಷ್ಟು ಹೊತ್ತೂ ಸಣ್ಣಗೆ ನಡುಗುತ್ತಿತ್ತು, ಅದಕ್ಕೆ ಒರಗಿ ಓದಿದ ನನಗೆ ಇವತ್ತಿಗೂ ಅಲುಗದ ಗೋಡೆಗೆ ಒರಗಿದರೆ ಓದು ತಲೆಗೆ ಹತ್ತುವುದಿಲ್ಲ. ನಾವು ನಾಲ್ಕೇ ಜನ: ಅಪ್ಪ, ಅಮ್ಮ, ನನಗಿಂತ ಐದು ವರ್ಷಕ್ಕೆ ದೊಡ್ಡವಳಾದ ಗಿರಿಜಕ್ಕ, ನಾನು. ಮನೆಯ ಬದುಕು ಗಡಿಯಾರದ ಮೇಲೆ ನಡೆಯುತ್ತಿರಲಿಲ್ಲ, ತ್ರೀ ಫೇಸ್ ಕರೆಂಟಿನ ಮೇಲೆ ನಡೆಯುತ್ತಿತ್ತು. ಅದು ಬಂದಾಗ ಬಂತು, ಹೋದಾಗ ಹೋಯ್ತು. "ಕರೆಂಟು ಬಂತು" ಎಂಬ ಕೂಗು ಎದ್ದರೆ ಅಪ್ಪ ಬಾಯಿಗೆ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿ ಓಡುತ್ತಿದ್ದರು, ಅಮ್ಮ ಒಲೆಯ ಕೊಳ್ಳಿ ಹಿಂದಕ್ಕೆಳೆದು ಓಡುತ್ತಿದ್ದಳು. ನಾವಿಬ್ಬರು ಪುಸ್ತಕ ಮಗುಚಿ ಓಡುತ್ತಿದ್ದೆವು. ನೆಮ್ಮದಿಯಾಗಿ ಕೂತು ಉಂಡ ಊಟ ಯಾವುದೂ ನನಗೆ ನೆನಪಿಲ್ಲ.

ಉಣ್ಣುತ್ತಿದ್ದದ್ದಾದರೂ ಏನು? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮ ಹಾಸಿಗೆ ಮೊಣಕಾಲಿಗೇ ಮುಗಿಯುತ್ತಿತ್ತು. ಒಂದು ಸೋಪನ್ನು ಅಮ್ಮ ದಾರ ಹಾಕಿ ನಾಲ್ಕು ತುಂಡು ಮಾಡುತ್ತಿದ್ದಳು. ಒಂದು ತೆಂಗಿನಕಾಯಿ ನಾಲ್ಕು ದಿನ ಬರುತ್ತಿತ್ತು. ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಅಕ್ಕ ಗೋಣಿ ದಬ್ಬಳದಿಂದ ಹೊಲಿದು ಹೊಸ ನೋಟ್‌ಬುಕ್ಕು ಮಾಡುತ್ತಿದ್ದಳು. ಇನ್ನು ಮುದ್ದೆಗೆ, ರೊಟ್ಟಿಗೆ ಬೆರಕೆ ಹಿಟ್ಟು. ಒಬ್ಬರ ಜೋಳ ಮುಗಿದು ಇನ್ನೊಬ್ಬರ ಗೋಧಿ ಬೀಳುವಾಗ ಬರುವ ಮೊದಲ ಹಿಡಿ ಹಿಟ್ಟು ಇಬ್ಬರಿಗೂ ಬೇಡದ್ದು, ಅದು ಮಿಲ್ಲಿನವರಿಗೆ. ಬೇರೆ ಕಡೆ ಹಿಟ್ಟು ಬೀಳುವ ಬಟ್ಟೆಯ ತೋಳಿನೊಳಗೆ ಒಂದಷ್ಟು ಉಳಿಸಿಕೊಳ್ಳುತ್ತಿದ್ದರಂತೆ. ಅಪ್ಪ ಮಾತ್ರ ಗಿರಾಕಿಯ ಕಣ್ಣೆದುರೇ ತೋಳನ್ನು ಮೂರು ಸಲ ಕೊಡವಿ, ಅದೂ ಸಾಲದೆಂದು ನಮ್ಮ ಕೈಯಲ್ಲಿ ಇನ್ನೊಂದು ಸಲ ಕೊಡವಿಸುತ್ತಿದ್ದರು. ಹೀಗಾಗಿ ಡಬ್ಬಿಗೆ ಬೀಳುತ್ತಿದ್ದದ್ದು ಸ್ವಲ್ಪವೇ. ಆದರೆ ಏನು ರುಚಿ ಅಂತೀರಿ! ದಿನಕ್ಕೊಂದು ಬಣ್ಣ, ದಿನಕ್ಕೊಂದು ಘಮ. ರೊಟ್ಟಿ ಮುರಿದು ಬಾಯಿಗಿಟ್ಟು "ಇವತ್ತು ಯಾರೋ ಚಕ್ಕುಲಿಗೆ ಬೀಸ್ಕೊಂಡು ಹೋಗವ್ರೆ, ಉದ್ದಿನಬೇಳೆ ಐತೆ" ಎಂದು ಅಕ್ಕ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಊರವರ ಹಬ್ಬವೆಲ್ಲ ನಮ್ಮ ಮನೆಗೆ ಒಂದೊಂದು ಹಿಡಿ ಬರುತ್ತಿತ್ತು.

ನಮ್ಮದು ಒಂದೇ ಕಲ್ಲಿನ ಮಿಲ್ಲು. ಮೆಣಸಿನಕಾಯಿಗೆ ಬೇರೆ ಮಿಷನ್ ಇಡುವ ಶಕ್ತಿ ಇರಲಿಲ್ಲ, ಅದಕ್ಕೆ ಶನಿವಾರ ಮಾತ್ರ ಖಾರದ ಪುಡಿ. ಅದು ಮುಗಿದ ಮೇಲೆ ಎರಡು ಸೇರು ಅಕ್ಕಿ ನುಚ್ಚನ್ನು ಕಲ್ಲಿಗೆ ಹಾಕಿ ಬೀಸಬೇಕು. ಕಲ್ಲಿನ ಸಂದುಗೊಂದಿನಲ್ಲಿ ಕೂತ ಖಾರವನ್ನೆಲ್ಲ ನುಚ್ಚು ಎಳೆದುಕೊಂಡು ಬರುತ್ತದೆ. ನಮ್ಮ ಮಾತಿನಲ್ಲಿ ಇದು ಕಲ್ಲು ತೊಳೆಯುವುದು. ಆ ನುಚ್ಚಿಗೆಂದೇ ಒಂದು ತಗಡಿನ ಡಬ್ಬಿ ಇತ್ತು, ಮನೆಯಲ್ಲಿ ಅಕ್ಕಿ ಇರಲಿ ಬಿಡಲಿ ಅದನ್ನು ಮುಟ್ಟುವ ಹಾಗಿರಲಿಲ್ಲ. ತೊಳೆದು ಬಂದ ಕೆಂಪು ಹಿಟ್ಟೂ ದಂಡವಾಗುತ್ತಿರಲಿಲ್ಲವೆನ್ನಿ. ಭಾನುವಾರ ಅದೇ ನಮಗೆ ಖಾರದ ರೊಟ್ಟಿ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ದೀಪಾವಳಿ ಕಳೆದ ವಾರ, ಬೆಲ್ಟು ಅಪ್ಪನ ಬಲಗೈ ಎಳೆದುಕೊಂಡಿತು. ಎರಡು ಬೆರಳು ಹೋದವು. ಅಮ್ಮ ಅವರನ್ನು ಕರೆದುಕೊಂಡು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋದಳು. ಗಿರಿಜಕ್ಕ ಆಗ ತರೀಕೆರೆಯಲ್ಲಿ ಎರಡನೇ ಪಿಯುಸಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಮುಂದೆ ಟೀಚರ್ ಆಗುವ ಹಂಬಲ ಅವಳದು, ನನ್ನದಲ್ಲ. ನನಗೆ ಆಗ ಯಾವ ಹಂಬಲವೂ ಇರಲಿಲ್ಲ. ಮಿಲ್ಲು ಮುಚ್ಚಿದರೆ ಒಲೆ ಹತ್ತುವುದಿಲ್ಲ ಎಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಾರನೆಯ ಬೆಳಿಗ್ಗೆ ಅಪ್ಪನ ಹಳೆಯ ಶರಟು ಹಾಕಿಕೊಂಡು, ಕೂದಲಿಗೆ ಹಿಟ್ಟು ಕೂರದ ಹಾಗೆ ತಲೆಗೆ ಟವೆಲ್ ಸುತ್ತಿ ಸ್ವಿಚ್ಚು ಒತ್ತಿಯೇಬಿಟ್ಟಳು. "ಅಪ್ಪನ ಕೈ ಮಾಗೋ ತನಕ ಅಷ್ಟೇ ಕಣೇ" ಅಂದಳು. ಹೆಣ್ಣುಹುಡುಗಿ ಮಿಲ್ಲು ಓಡಿಸುವುದನ್ನು ನೋಡಲೆಂದೇ ಕೆಲವರು ಅರ್ಧ ಸೇರು ಕಾಳು ಹಿಡಿದು ಬಂದರು. ಬಂದವರು ಬರುತ್ತಲೇ ಇದ್ದರು, ಯಾಕೆಂದರೆ ಅವಳು ಬೀಸಿದ ಹಿಟ್ಟು ಅಪ್ಪನದಕ್ಕಿಂತ ನುಣ್ಣಗಿರುತ್ತಿತ್ತು. ಕಾಲೇಜಿನಲ್ಲೂ ಒಬ್ಬ ಲೆಕ್ಚರರು ಒಳ್ಳೆಯವರು. ಸಂಕ್ರಾಂತಿ ಕಳೆದ ಸೋಮವಾರದಿಂದ ತಪ್ಪದೆ ಬಂದರೆ ಪರೀಕ್ಷೆಗೆ ಕೂರಿಸುತ್ತೇನೆ ಎಂದು ಹೇಳಿಕಳಿಸಿದ್ದರು. ಆಮೇಲೆ ಹಗಲು ಮಿಲ್ಲನ್ನು ಅಮ್ಮ ನೋಡಿಕೊಳ್ಳುವುದೆಂದಾಗಿತ್ತು, ಅಕ್ಕ ಆ ಸೋಮವಾರಕ್ಕಾಗಿ ದಿನ ಎಣಿಸುತ್ತಿದ್ದಳು.

ಅದರ ಹಿಂದಿನ ಶನಿವಾರ. ಅಪ್ಪ ಆಸ್ಪತ್ರೆಯಿಂದ ಬಂದು ಜ್ವರದಲ್ಲಿ ಬಿದ್ದು ಎಷ್ಟೋ ದಿನವಾಗಿತ್ತು, ಏನೂ ಸೇರುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಮೊದಲ ಸಲ ಬಾಯಿಬಿಟ್ಟು "ಒಂಚೂರು ಬಿಸಿ ಗಂಜಿ ಕುಡೀಬೇಕು ಅನ್ನಿಸ್ತದೆ" ಅಂದರು. ಮನೆಯಲ್ಲಿ ಒಂದು ಕಾಳು ಅಕ್ಕಿ ಇರಲಿಲ್ಲ. ಅಮ್ಮ ಮಿಲ್ಲಿಗೆ ಬಂದು ನುಚ್ಚಿನ ಡಬ್ಬಿಯನ್ನು ಸೆರಗಿಗೆ ಬಗ್ಗಿಸಿಕೊಂಡಳು. ಅಕ್ಕ ಗಿರಾಕಿಗಳ ನಡುವೆ ಇದ್ದಳು, ಡಬ್ಬಿಯ ಪಕ್ಕ ಇದ್ದವಳು ನಾನು. "ಅಕ್ಕಂಗೆ ಹೇಳು, ಮೆಣಸಿನಕಾಯಿ ಮುಗಿಯೋದ್ರೊಳಗೆ ಎಲ್ಲಾದ್ರೂ ಕೇಳಿ ತತ್ತೀನಿ ಅಂತ" ಎಂದಳು. ನಾನು ಹೂಂ ಅಂದೆ. ಒಳಗಿನಿಂದ ಗಂಜಿಯ ಘಮ ಬಂತು, ಅಪ್ಪ ಸುರ್ರನೆ ಕುಡಿಯುವ ಸದ್ದು ಬಂತು. ಆ ಸದ್ದಿಗೆ ನನಗೆ ಆದ ಸಂತೋಷದಲ್ಲಿ ಹೇಳಬೇಕಾದದ್ದು ಮರೆತೇಹೋಯಿತು. ಅಮ್ಮನೂ ಅಪ್ಪನ ಹತ್ತಿರ ಕೂತವಳು ಬೇಗ ಏಳಲಿಲ್ಲ.

ಮೆಣಸಿನಕಾಯಿ ಮುಗಿಯುವ ಹೊತ್ತಿಗೆ ಕರೆಂಟು ಇನ್ನು ಕಾಲು ಗಂಟೆ ಇದ್ದರೆ ಹೆಚ್ಚು ಎನ್ನುವ ಹಾಗಿತ್ತು. ಓಣಿಯ ಸಿದ್ದಮ್ಮಜ್ಜಿ ಏಳು ತಿಂಗಳ ಮೊಮ್ಮಗನಿಗೆ ಉಣಿಸುವ ಸರಿಹಿಟ್ಟಿಗೆಂದು ಹುರಿದ ರಾಗಿಯನ್ನು ಪಾತ್ರೆಯಲ್ಲಿಟ್ಟು ಹೋಗಿದ್ದಳು. ಅಕ್ಕ ಮೂಲೆಯಲ್ಲಿ ಕೂತು ಗೆಳತಿಯಿಂದ ತರಿಸಿಕೊಂಡ ನೋಟ್ಸನ್ನು ಆತುರಾತುರವಾಗಿ ಬರೆದುಕೊಳ್ಳುತ್ತಿದ್ದಳು. "ಪುಟ್ಟಿ, ಕಲ್ಲು ತೊಳಿಯೇ, ಅಜ್ಜಿದೊಂದು ಬೀಸ್ಬಿಡಾಣ" ಅಂದಳು. ಡಬ್ಬಿ ತೆಗೆದೆ. ತಳ ಕಾಣುತ್ತಿತ್ತು. ಹೇಳಿದರೆ ಬೈಸಿಕೊಳ್ಳಬೇಕು. ಪಕ್ಕದಲ್ಲಿ ತೌಡಿತ್ತು, ಮೆತ್ತಗಿನದು, ನುಚ್ಚಿನ ಹಾಗೆ ಖಾರ ಎಳೆಯುವುದಲ್ಲ. ಎರಡು ಹಿಡಿ ತೌಡು ಕಲ್ಲಿಗೆ ಹಾಕಿಬಿಟ್ಟೆ. ಅಕ್ಕ ತಲೆಯೆತ್ತದೆ "ತೊಳೆದ್ಯಾ?" ಅಂದಳು. ಹೂಂ ಅಂದೆ. ಮಿಲ್ಲಿನ ತುಂಬ ಖಾರದ ಘಾಟು ಇದ್ದೇ ಇತ್ತು, ಹುರಿದ ರಾಗಿಯ ಕಂದು ಹಿಟ್ಟಿನಲ್ಲಿ ಕೆಂಪು ಕಾಣುವುದೂ ಇಲ್ಲ. ಅಕ್ಕ ಎದ್ದು ಬಂದು ರಾಗಿ ಸುರಿದಳು. ಅಜ್ಜಿಯ ಹಿಟ್ಟು ಆದದ್ದೇ ಕರೆಂಟು ಹೋಯಿತು, ನಾನು ಬಚಾವಾದೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಸಿದ್ದಮ್ಮಜ್ಜಿ ಮಗುವನ್ನು ಎತ್ತಿಕೊಂಡೇ ಬಂದಳು. ತುಟಿ ಊದಿತ್ತು, ಅತ್ತು ಅತ್ತು ಗಂಟಲು ಕಟ್ಟಿ ಬರೀ ಬಾಯಿ ತೆರೆಯುತ್ತಿತ್ತು. "ಯಾರೇ ಇದನ್ನ ಬೀಸಿದ್ದು? ಕೂಸಿಗೆ ಖಾರ ತಿನ್ಸಿದ್ದೀರಲ್ರೇ!" ಓಣಿಯೇ ಸೇರಿತು. ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು. "ನಾನೇ ಕಣಜ್ಜಿ. ಕಲ್ಲು ತೊಳಿಯೋದ್ ಮರ್ತ್ಬಿಟ್ಟೆ" ಎಂದಳು. ಮಗು ಎರಡು ದಿನದಲ್ಲಿ ಚೆನ್ನಾಯಿತು, ದೇವರು ದೊಡ್ಡವನು. ಆದರೆ ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಹುಡುಗಿಯ ಕೈಗೆ ಮಿಲ್ಲು ಕೊಟ್ಟರೆ ಇನ್ನೇನಾಗುತ್ತದೆ ಎಂದು ಮುಖದ ಮೇಲೇ ಅಂದರು. ಸೋಮವಾರ ತರೀಕೆರೆ ಬಸ್ಸು ಬಂದು ನಿಂತಾಗ ಅಕ್ಕ ಹತ್ತಲಿಲ್ಲ. "ಇವತ್ ನಾನ್ ಹೋದ್ರೆ, ತಪ್ಪು ಮಾಡಿ ಓಡೋದ್ಲು ಅಂತಾರೆ. ಅಪ್ಪಂಗೆ ಒಂದು ಗಿರಾಕಿ ಉಳಿಯಲ್ಲ" ಎಂದು ಅಪ್ಪನ ಶರಟನ್ನೇ ಮತ್ತೆ ಹಾಕಿಕೊಂಡಳು.

ಅವತ್ತಿನಿಂದ ಅವಳೊಂದು ಪದ್ಧತಿ ಮಾಡಿದಳು. ಯಾರದೇ ಹಿಟ್ಟಾಗಲಿ, ಕೊಡುವ ಮುಂಚೆ ಅವರೆದುರಿಗೆ ಒಂದು ಚಿಟಿಕೆ ತನ್ನ ನಾಲಿಗೆಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೇ ಚೀಲದ ಬಾಯಿ ಕಟ್ಟುತ್ತಿದ್ದಳು. ಮೊದಮೊದಲು ದಿನಕ್ಕೆ ಮೂವರೋ ನಾಲ್ವರೋ ಗಿರಾಕಿಗಳು. ಅವಳು ಹೊಲಿಗೆ ಹಾಕಿದ ನೋಟ್‌ಬುಕ್ಕು ಹರಡಿಕೊಂಡು ಕಾಯುತ್ತಿದ್ದಳು, ರಸ್ತೆಯಲ್ಲಿ ಯಾರಾದರೂ ಚೀಲ ಹೊತ್ತು ಬಂದರೆ ಎದ್ದು ನಿಲ್ಲುತ್ತಿದ್ದಳು. ಅವರು ಮುಂದಿನ ಮಿಲ್ಲಿಗೆ ಹೋದರೆ ಕೂರುತ್ತಿದ್ದಳು. ನಾವು ಎರಡು ಹೊತ್ತಿನ ಊಟವನ್ನು ಒಂದು ಹೊತ್ತಿಗೆ ಇಳಿಸಿಕೊಂಡೆವು, ಅಪ್ಪನ ತಟ್ಟೆಗೆ ಎಲ್ಲರೂ ತಮ್ಮದರಿಂದ ಒಂದು ತುಂಡು ಹಾಕಿ ನನಗೆ ಹೊಟ್ಟೆ ತುಂಬಿತು ಅನ್ನುತ್ತಿದ್ದೆವು. ಯುಗಾದಿಯ ಹೊತ್ತಿಗೆ ಒಬ್ಬೊಬ್ಬರಾಗಿ ಜನ ತಿರುಗಿಬಂದರು, ಸಿದ್ದಮ್ಮಜ್ಜಿಯೂ ಬಂದಳು. ಪರೀಕ್ಷೆ ಆಗಿಹೋಗಿತ್ತು.

ಆ ಬೇಸಿಗೆ ಕಳೆಯುವಷ್ಟರಲ್ಲಿ ಅಪ್ಪ ಮೂರು ಬೆರಳಲ್ಲೇ ಕೆಲಸ ಕಲಿತರು. ಆದರೂ ಕಾಲೇಜು ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅಕ್ಕನಿಗೆ ಸಂಕಟವಾಗುತ್ತದೆಂದು. ಅವಳ ಪುಸ್ತಕಗಳನ್ನು ಅಮ್ಮ ಅಟ್ಟಕ್ಕೆ ಹಾಕಿದಳು, ಕಣ್ಣಿಗೆ ಬೀಳದಿರಲಿ ಎಂದು. ತರೀಕೆರೆ ಬಸ್ಸು ಬರುವ ಹೊತ್ತಿಗೆ ಅಪ್ಪ ಏನಾದರೂ ಜೋರಾಗಿ ಮಾತು ತೆಗೆಯುತ್ತಿದ್ದರು. ನಾನು ಅವಳು ಬಂದರೆ ಪುಸ್ತಕ ಮುಚ್ಚಿ ಕೂರುತ್ತಿದ್ದೆ. ಏಳು ವರ್ಷ ಅವಳು ಬೀಸಿದ ಹಿಟ್ಟಿನಲ್ಲಿ ನಾನು ಓದಿ ಟೀಚರ್ ಆದೆ. ಅವಳು ಮದುವೆಯಾಗಿ ಚೌಳಹಿರಿಯೂರಿಗೆ ಹೋದಳು. ಪ್ಯಾಕೆಟ್ ಹಿಟ್ಟು ಬಂತು, ಅಪ್ಪ ಹೋದರು, ಮಿಲ್ಲೂ ಹೋಯಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ, ಗಾಜಿನ ಬಾಗಿಲು, ಒಂದು ಚೂರು ಧೂಳಿಲ್ಲ.

ಅಮ್ಮ ಕೊನೆಯ ದಿನಗಳಲ್ಲಿ ಕಡೂರಿನಲ್ಲಿ ನನ್ನ ಜೊತೆ ಇದ್ದಳು. ಡಾಕ್ಟರು ಗಂಜಿ ಕೊಡಿ ಅಂದರು. ಅಮ್ಮ ಲೋಟ ಸರಿಸಿಬಿಟ್ಟಳು. ಬಲವಂತ ಮಾಡಿದ್ದಕ್ಕೆ ಗೋಡೆ ಕಡೆ ಮುಖ ತಿರುಗಿಸಿ "ಅವತ್ ಡಬ್ಬಿ ಬರಿದು ಮಾಡಿದೋಳು ನಾನು ಕಣೇ. ಆಮೇಲೆ ಗಂಜಿ ಮುಟ್ಟಿಲ್ಲ. ನಿಮ್ಮಪ್ಪನೂ ಅಷ್ಟೇ, ಗಂಜಿ ಕೇಳಿ ನಾನೇ ಮಗಳ ಓದು ಕೆಡಿಸ್ದೆ ಅಂತ ಸಾಯೋ ತನಕ ಅಂತಿದ್ರು" ಎಂದಳು. ನನ್ನ ತೌಡಿನ ವಿಷಯ ಆಗಲೂ ಹೇಳಲು ನನಗೆ ಬಾಯಿ ಬರಲಿಲ್ಲ. ನಾಲ್ಕು ಜನ ಒಂದೇ ಸೂರಿನಡಿ ಇದ್ದು, ಅದರಲ್ಲಿ ಮೂವರು ಒಬ್ಬೊಬ್ಬರೂ ತಾವೇ ಕಾರಣ ಎಂದುಕೊಂಡು ಎಷ್ಟು ವರ್ಷ ಕಳೆದೆವಲ್ಲ ಎಂದು ನೆನೆದು ಅವತ್ತು ಅಡುಗೆಮನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ.

ಅಮ್ಮನ ವರ್ಷದ ಪೂಜೆ ಅಕ್ಕನ ಮನೆಯಲ್ಲೇ ನಡೆಯಿತು. ಮಧ್ಯಾಹ್ನ ಬಂದವರೆಲ್ಲ ಉಂಡು ಹೋದ ಮೇಲೆ ಅಕ್ಕ ಹಿತ್ತಲ ಕಟ್ಟೆಯಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಾ ಕೂತಳು. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಎಲ್ಲವನ್ನೂ ಹೇಳಿದೆ, ಅಮ್ಮನದು, ಅಪ್ಪನದು, ನನ್ನದು. ಅವಳ ಕೈ ನಿಲ್ಲಲಿಲ್ಲ. "ನಿಂದು ಅವತ್ತೇ ಗೊತ್ತಾಯ್ತು ಬಿಡೇ. ಆ ಕೂಸು ಈಗ ಲಾರಿ ಓಡಿಸ್ತದೆ, ಇನ್ನೂ ಅದನ್ನೇ ಹೇಳ್ತಿದ್ದೀಯಲ್ಲ" ಎಂದು ನಕ್ಕಳು. ಆಮೇಲೆ ಮೊರ ಕೆಳಗಿಟ್ಟಳು. "ಪರೀಕ್ಷೆ ತಪ್ಪಿದ್ಮೇಲೆ ಬಂದ ಜೂನ್ ತಿಂಗಳಿಡೀ, ಕಾಲೇಜು ಶುರುವಾಗೋವಾಗ, ನಾನು ಕಾದೆ ಕಣೇ ಪುಟ್ಟಿ. ನಿಮ್ ಮೂರ್ ಜನದಲ್ಲಿ ಒಬ್ರಾದ್ರೂ ಕೇಳ್ತೀರಿ ಅಂತ. ಗಿರಿಜಾ, ಕಾಲೇಜಿಗೆ ಹೋಗ್ತೀಯಾ ಅಂತ. ನೀವು ನಿಮ್ ನಿಮ್ ತಪ್ಪು ಹಿಡ್ಕೊಂಡು ಕೂತ್ರಿ, ನನ್ನನ್ ಯಾರೂ ಕೇಳ್ಲಿಲ್ಲ."

"ನೀನೇ ಹೇಳಬಹುದಿತ್ತಲ್ಲಕ್ಕಾ" ಅಂದೆ.

"ಮೂರ್ ಬೆರಳಿನ ಅಪ್ಪನ್ನ ಬಿಟ್ಟು ಹೋಗ್ತೀನಿ ಅಂತ ಹೆಂಗೇ ಹೇಳ್ಲಿ? ಅದ್ಕೇ ಆ ತಿಂಗಳೆಲ್ಲ ದಿನಾ ಬೆಳಿಗ್ಗೆ ತಲೆಗೆ ಟವೆಲ್ ಸುತ್ಕೊಳ್ಳದೆ, ಬಸ್ಸಿಗೆ ಹೋಗೋಳ ಹಂಗೆ ನೀಟಾಗಿ ಜಡೆ ಹೆಣ್ಕೊಂಡು ಮಿಲ್ಲಿಗೆ ಬತ್ತಿದ್ದೆ. ನೀನ್ ನೋಡ್ಲಿಲ್ವಾ?"

ನೋಡಿದ್ದೆ. ಆ ತಿಂಗಳು ಸಂಜೆ ಸಂಜೆ ಅವಳ ಹಿಂದೆ ಕೂತು, ಜಡೆ ಬಿಚ್ಚಿ, ಕೂದಲಲ್ಲಿ ಸಿಕ್ಕಿಕೊಂಡ ಹಿಟ್ಟನ್ನು ಬಾಚಿ ಬಾಚಿ ತೆಗೆಯುತ್ತಿದ್ದವಳು ನಾನೇ.