ಪೆನ್ಸಿಲಿನ್ ವಿಷಯ ಯಾರಿಗೆ ಹೇಳಿದೆ?

ಮೊನ್ನೆ ಜಯನಗರದ ಮೊಬೈಲ್ ಅಂಗಡಿಯಾಕೆ ನನ್ನ ಫೋನಿನ ಗಾಜಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹರ್ನಿಯಾ ಆಪರೇಷನ್ ಆಗಿ ಎರಡು ವರ್ಷ ಕಳೆದರೂ ಹೊಟ್ಟೆಗೆ ಇನ್ನೂ ಧೈರ್ಯ ಬಂದಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದರೆ ನಿಮಗೂ ಗೊತ್ತಿರುತ್ತದೆ, ಅಲ್ಲಿ ಯಾರು ಯಾರೆಂದು ತಿಳಿಯುವುದೇ ದೊಡ್ಡ ಕಷ್ಟ. ಎಲ್ಲರ ಮುಖಕ್ಕೂ ಮಾಸ್ಕು, ಮೈಮೇಲೆ ನೀಲಿ ಇಲ್ಲವೇ ಹಸಿರು ಬಟ್ಟೆ. ಕೊರಳಿನ ಗುರುತಿನ ಚೀಟಿ ಸದಾ ಬೆನ್ನು ತಿರುಗಿಸಿಕೊಂಡೇ ಇರುತ್ತದೆ. ಸಾಲದ್ದಕ್ಕೆ ನನ್ನ ಕನ್ನಡಕ ಕಳೆದುಹೋದೀತೆಂದು ಹೆಂಡತಿ ಅದನ್ನು ಬನಶಂಕರಿಯ ಮನೆಗೆ ಒಯ್ದುಬಿಟ್ಟಿದ್ದಳು.

ಆಪರೇಷನ್ನಿನ ಮರುದಿನ ಬೆಳಿಗ್ಗೆ ನೀಲಿ ಬಟ್ಟೆಯವರೊಬ್ಬರು ಪೆನ್ನು, ಪುಸ್ತಕ ಹಿಡಿದು ಬಂದು, "ಏನ್ ತೊಂದ್ರೆ ಸಾರ್?" ಎಂದರು. ಕೇಳುವವರು ಸಿಕ್ಕರೆ ನಾನು ಬಿಡುವವನಲ್ಲ. ಗ್ಯಾಸಿನಿಂದ ಶುರುಮಾಡಿ, ಶೌಚದ ವಿವರಗಳನ್ನು ದಾಟಿ, ಅಡ್ಮಿಷನ್ ಹೊತ್ತಿನಲ್ಲಿ ಹೇಳಲು ಮರೆತಿದ್ದ ಸಂಗತಿಗೆ ಬಂದೆ. "ಪೆನ್ಸಿಲಿನ್ ನಂಗೆ ಆಗಿಬರಲ್ಲ. ಸ್ಕೂಲಲ್ಲಿದ್ದಾಗ ಇಂಜೆಕ್ಷನ್ ಕೊಟ್ಟು ಮುಖ ಹಲಸಿನಹಣ್ಣಾಗಿತ್ತು, ಉಸಿರೂ ಕಟ್ಟಿತ್ತು." ಅವರು ತಲೆಯಾಡಿಸುತ್ತ ಪೂರ್ತಿ ಕೇಳಿ ಹೊರಟರು. ಎಂಥ ತಾಳ್ಮೆಯ ಡಾಕ್ಟರು ಎಂದುಕೊಂಡೆ.

ಹತ್ತು ನಿಮಿಷಕ್ಕೆ ಹಸಿರು ಬಟ್ಟೆಯ ಇನ್ನೊಬ್ಬರು ಬಂದರು. "ಬಾತ್‌ರೂಮಲ್ಲಿ ಫ್ಲಶ್ ಕೆಲಸ ಮಾಡ್ತಿಲ್ಲ, ಸ್ವಲ್ಪ ನೋಡಪ್ಪ" ಎಂದೆ. ಅವರು ಒಳಗೆ ಹೋಗಿ, ಎರಡು ಸಲ ಒತ್ತಿ, ಕೈ ತೊಳೆದು ಬಂದರು.

"ಅದು ನನ್ ಕೈಲಾಗಲ್ಲ ಸಾರ್. ನಿನ್ನೆ ನಾನು ಹಾಕಿದ ಹೊಲಿಗೆ ನೋಡ್ಲಾ?"

ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಳ್ಳುವಷ್ಟರಲ್ಲಿ ನರ್ಸ್ ಶೈಲಜಾ ಓಡಿಬಂದರು. ಅವರ ಹಿಂದೆ ಆ ನೀಲಿ ಬಟ್ಟೆಯವರು.

"ಅಂಕಲ್, ನಿಮಗೆ ಪೆನ್ಸಿಲಿನ್ ಆಗಲ್ವಂತೆ? ಏಸಿ ರಿಪೇರಿಯವರು ಬಂದು ಹೇಳಿದ್ರು. ಅದೇ ಗುಂಪಿನ ಇಂಜೆಕ್ಷನ್ ಈಗ್ತಾನೆ ರೆಡಿ ಮಾಡ್ತಿದ್ದೆ."

ಸರ್ಜನ್ ಔಷಧಿ ಬದಲಿಸಿ ಬರೆದರು. ಏಸಿಯವರು ತಪ್ಪು ತಮ್ಮದೇ ಎಂಬಂತೆ, "ನಾನು ಏಸಿ ತೊಂದ್ರೆ ಕೇಳಿದ್ದು ಸಾರ್. ನೀವು ನಿಲ್ಲಿಸ್ಲೇ ಇಲ್ಲ" ಎಂದರು.

ಶೈಲಜಾ ಮಂಚದೆದುರಿನ ಬಿಳಿ ಬೋರ್ಡಿನ ಮೇಲೆ ಅಂದಿನ ಡಾಕ್ಟರು, ನರ್ಸು, ಆಯಾ ಎಲ್ಲರ ಹೆಸರನ್ನೂ ಕೆಲಸವನ್ನೂ ದಪ್ಪಕ್ಷರದಲ್ಲಿ ಬರೆದರು. "ಯಾರೇ ಬರ್ಲಿ, ಮೊದ್ಲು ನೀವ್ಯಾರು ಅಂತ ಕೇಳಿ. ನಾವ್ಯಾರೂ ಬೇಜಾರ್ ಮಾಡ್ಕೊಳಲ್ಲ." ಮದುವೆಮನೆಯಲ್ಲಿ ಗಂಡಿನ ತಂದೆಯನ್ನು ನೀವು ಯಾರ ಕಡೆಯವರು ಎಂದು ಕೇಳಿದಷ್ಟು ಸಂಕೋಚವಾಯಿತು. ಆದರೂ ಕೇಳಿದೆ. ಅಭ್ಯಾಸ ಎಷ್ಟು ಬಲಿಯಿತೆಂದರೆ, ಎಳನೀರು ಹಿಡಿದು ನೋಡಲು ಬಂದ ಭಾವಮೈದುನನನ್ನೂ ಕೇಳಿದೆ. ಅವನು ಬೇಜಾರು ಮಾಡಿಕೊಂಡ.

ಇವತ್ತು ಬೆಳಿಗ್ಗೆ ರಕ್ತಪರೀಕ್ಷೆಗೆ ಹೋಗಿದ್ದೆ. ಸೂಜಿ ಹಿಡಿದು ಬಂದವರನ್ನು, "ತಾವು ಯಾರಮ್ಮ?" ಎಂದು ಕೇಳಿದೆ.

"ಮಾಲತಿ, ಲ್ಯಾಬ್ ಟೆಕ್ನಿಷಿಯನ್. ನಿಮ್ಮ ಮೇಲಿನ ಮನೆಯವಳು ಅಂಕಲ್, ನಾಲ್ಕು ವರ್ಷದಿಂದ."

ಸೂಜಿ ಚುಚ್ಚಿದ್ದು ಗೊತ್ತಾಗಲೇ ಇಲ್ಲ. ಸಂಜೆ ಹೆಂಡತಿಯೊಂದಿಗೆ ಕೋಡುಬಳೆಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದೆ. ಮಾಲತಿ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಮಗಳು ಎರಡನೇ ಕ್ಲಾಸು. ಇಷ್ಟು ದಿನ ನಮ್ಮ ತಲೆಯ ಮೇಲೆ ಕೇಳುತ್ತಿದ್ದ ಧಡಧಡ ಸದ್ದು ಅವಳದು; ಸ್ಕಿಪ್ಪಿಂಗ್ ಆಡುತ್ತಾಳಂತೆ. ಇನ್ನು ಕಂಪ್ಲೇಂಟ್ ಕೊಡುವ ಹಾಗಿಲ್ಲ.