ಕುಳ್ಳನ್ ದನಿ ಇದ್ದ ಲ್ಯಾಪ್‌ಟಾಪ್

ಬೇಗೂರಿನ ಕಾಡಂಚಿನ ಹಾಡಿಯಲ್ಲಿ ಅವಳನ್ನು ಬರೀ ಶ್ರೀಜ ಅಂದರೆ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. ರೇಡಿಯೊ ಶ್ರೀಜ ಅನ್ನಬೇಕು. ಮಾನಂತವಾಡಿ ಹತ್ತಿರದ ಒಂದು ಪುಟ್ಟ ಸಮುದಾಯ ರೇಡಿಯೊದಲ್ಲಿ ಪ್ರತಿ ಗುರುವಾರ ಸಂಜೆ ಅವಳ ಕಾರ್ಯಕ್ರಮ. ಅದರಲ್ಲಿ ಶಾಲೆ, ಕಚೇರಿಯ ಮಲಯಾಳ ಇರುವುದಿಲ್ಲ; ಕನ್ನಡದ ಮಗ್ಗುಲಲ್ಲೇ ಬೆಳೆದ ಕಾಟುನಾಯ್ಕ ಬುಡಕಟ್ಟಿನ ಮನೆಮಾತು ಇರುತ್ತದೆ. ಔಷಧಿಯ ಗಿಡ, ಆನೆ ಬಂದ ಸುದ್ದಿ, ಮುದುಕಿಯರ ಹಾಡು, ಕೂಲಿಗೆ ಹೋದವರಿಗೆ ಮನೆಯವರ ಸಂದೇಶ, ಹೀಗೆ ಏನಾದರೂ. ರೇಡಿಯೊದವರು ಕೊಟ್ಟ ಹಳೇ ಲ್ಯಾಪ್‌ಟಾಪಿನಲ್ಲಿ ಅವಳು ಮನೆಯಲ್ಲೇ ಕೂತು ಕಾರ್ಯಕ್ರಮ ಜೋಡಿಸುತ್ತಿದ್ದಳು.

ಆ ಗುರುವಾರ ಹಾಕಬೇಕಿದ್ದದ್ದು ಜೇನು ಕೀಳುವ ಕುಳ್ಳನ್ ತನ್ನ ತಮ್ಮ ಸುಮೇಶನಿಗೆ ಹೇಳಿದ ಮಾತು. ಹಿಂದಿನ ಮಳೆಗಾಲದಲ್ಲಿ ಅಣ್ಣ ತಮ್ಮಂದಿರಿಗೆ ಜಗಳವಾಗಿ, "ಈ ಬಾಗಿಲಿಗೆ ಮತ್ತೆ ಬರಬೇಡ" ಅಂದಿದ್ದ ಕುಳ್ಳನ್. ಸುಮೇಶ ನಿಜವಾಗಿಯೂ ಹೋಗಿಬಿಟ್ಟ. ಗಡಿಯಾಚೆ ಕುಟ್ಟದ ಕಡೆ ಶುಂಠಿ ಕೀಳುವ ಗುಂಪಿನಲ್ಲಿದ್ದಾನೆ ಅಂತ ಆಮೇಲೆ ತಿಳಿಯಿತು. ಕುಳ್ಳನ ಹೆಂಡತಿ ವೆಳ್ಳಚ್ಚಿ ಒಬ್ಬರ ಕೈಲಿ ಹೇಳಿ ಕಳಿಸಿದಳು. "ಬರಬೇಡ ಅಂದ ಬಾಯೇ ಬಾ ಅನ್ನಲಿ" ಅಂತ ಉತ್ತರ ಬಂತು. ಕುಳ್ಳನಿಗೆ ಹೋಗಿ ಎದುರು ನಿಲ್ಲುವಷ್ಟು ಧೈರ್ಯವಿರಲಿಲ್ಲ. ಆದರೆ ಶ್ರೀಜ ಹಿಡಿದ ಮೈಕಿನ ಮುಂದೆ ಹೇಳಿದ. ಹೇಳಿ ಮುಗಿಸಿದವನೇ ಜೇನಿಗೆಂದು ಗುಂಪಿನ ಜೊತೆ ಒಳಕಾಡಿಗೆ ಹೋದ. ಅಲ್ಲಿಗೆ ಯಾವ ಫೋನೂ ಹೋಗುವುದಿಲ್ಲ. ಅವನ ಮಾತು ಇದ್ದದ್ದು ಶ್ರೀಜಳ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಗುರುವಾರ ಬೆಳಿಗ್ಗೆ ಕಾರ್ಯಕ್ರಮ ಜೋಡಿಸಿ ಮುಗಿಸೋಣವೆಂದು ಶ್ರೀಜ ಲ್ಯಾಪ್‌ಟಾಪ್ ಒತ್ತಿದಳು. ದೀಪ ಹತ್ತಿತು, ಫ್ಯಾನ್ ತಿರುಗಿತು, ಕಂಪನಿಯ ಹೆಸರು ಮೂಡಿತು, ಚುಕ್ಕಿಗಳು ಸುತ್ತತೊಡಗಿದವು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಅದೇ ಹೆಸರು, ಅದೇ ಚುಕ್ಕಿ, ಅದೇ ಕಪ್ಪು. ಗುಂಡಿ ಅದುಮಿ ಹಿಡಿದು ಆರಿಸಿದಳು. ಚಾರ್ಜರ್ ಕಿತ್ತಳು, ಹಾಕಿದಳು. ಎದ್ದು ಹೊರಗೆ ಹೋಗಿ ಕೋಳಿಗೆ ನುಚ್ಚು ಚೆಲ್ಲಿ, ಅದು ಅಷ್ಟರಲ್ಲಿ ಸರಿಹೋಗಿರುತ್ತದೇನೋ ಎಂಬಂತೆ ಓಡಿ ಬಂದು ಮತ್ತೆ ಒತ್ತಿದಳು. ಇಲ್ಲ.

ಆಗಲೇ ವೆಳ್ಳಚ್ಚಿ ಬಂದಳು. "ಶ್ರೀಜಾ, ಶುಂಠಿ ಮುಗೀತಂತೆ. ನಾಳೆ ಬೆಳಿಗ್ಗೆ ಆ ಗುಂಪೆಲ್ಲಾ ಹಾಸನದ ಕಡೆ ಹೋಗ್ತದಂತೆ. ಇವತ್ತು ಅವನಿಗೆ ಕೇಳ್ತದಲ್ಲ?"

"ಕೇಳ್ತದೆ ಅಕ್ಕ" ಅಂದಳು ಶ್ರೀಜ, ಪರದೆಗೆ ಬೆನ್ನು ಕೊಟ್ಟು ನಿಂತು. ಹಾಸನಕ್ಕೆ ಹೋದರೆ ಈ ಪುಟ್ಟ ರೇಡಿಯೊ ಅಲ್ಲಿಗೆ ಮುಟ್ಟುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿಕೊಂಡು, ಸಿಗ್ನಲ್ ಕಡಿಯದೆ ಸಿಗುವ ರಸ್ತೆಯವರೆಗೆ ನಡೆದು ಮಾನಂತವಾಡಿಯ ಸುಧೀಶನಿಗೆ ಫೋನ್ ಮಾಡಿದಳು. ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. "ಮೌಸು, ಪೆನ್‌ಡ್ರೈವು, ಏನಿದೆಯೋ ಎಲ್ಲ ತೆಗಿ. ಚುಕ್ಕಿ ಸುತ್ತುವಾಗ ಆರಿಸು. ಹಾಗೇ ಎರಡು ಮೂರು ಸಲ ಮಾಡಿದರೆ ರಿಪೇರಿ ಪುಟ ಬರ್ತದೆ" ಅಂದ. ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತು ಹಾಗೇ ಮಾಡಿದಳು. ನೀಲಿ ಪುಟ ಬಂತು. ತಾನೇ ರಿಪೇರಿ ಮಾಡಿಕೊಳ್ಳುತ್ತೇನೆ ಅಂದಿತು, ಬಹಳ ಹೊತ್ತು ತಿಣುಕಿ, ಆಗಲಿಲ್ಲ ಅಂದಿತು. ಕೊನೆಗೆ ಒಂದೇ ದಾರಿ ತೋರಿಸಿತು: ಎಲ್ಲ ಅಳಿಸಿ ಹೊಸದಾಗಿ ಶುರು ಮಾಡು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ಮಷೀನು ಎದ್ದೇಳಬಹುದು, ಕುಳ್ಳನ ಮಾತು ಉಳಿಯುವುದಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು. ತೋಲ್ಪೆಟ್ಟಿ ಕಡೆಯಿಂದ ಮಾನಂತವಾಡಿ ಬಸ್ ಬರುವುದು ಕಂಡಿತು. ಲ್ಯಾಪ್‌ಟಾಪನ್ನು ಮತ್ತೆ ಟವಲಿನಲ್ಲಿ ಸುತ್ತಿ ಹತ್ತಿದಳು.

ಬಸ್ಸಿನಲ್ಲೂ ಸುಮ್ಮನೆ ಕೂರಲಾಗಲಿಲ್ಲ. ಟವಲು ಬಿಚ್ಚುವುದು, ಒತ್ತುವುದು, ಮುಚ್ಚುವುದು. ಪಕ್ಕದ ಹೆಂಗಸು, "ಒಳಗೆ ಕೋಳಿಮರಿ ಏನಾದರೂ ಇದೆಯಾ?" ಅಂತ ಕೇಳಿದಳು. ಶ್ರೀಜಳಿಗೆ ನಗು ಬರಲಿಲ್ಲ.

ಸುಧೀಶ ಹಿಂಬದಿ ಬಿಚ್ಚಿ, ಮೆಮೊರಿ ಪಟ್ಟಿ ತೆಗೆದು ಒರೆಸಿ ಕೂರಿಸಿದ. ಆಗಲಿಲ್ಲ. ಬೇರೆ ಪಟ್ಟಿ ಹಾಕಿದ. ಆಗಲಿಲ್ಲ. ಆಮೇಲೆ ಹಾರ್ಡ್ ಡಿಸ್ಕ್ ಬಿಚ್ಚಿ, ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಕಿವಿ ಹತ್ತಿರ ತಂದ. ಟಿಕ್, ಟಿಕ್ ಅನ್ನುತ್ತಿತ್ತು.

"ಡಿಸ್ಕೇ ಹೋಗ್ತಾ ಇದೆ. ಬೆಳಿಗ್ಗೆಯಿಂದ ಎಷ್ಟು ಸಲ ಸ್ಟಾರ್ಟ್ ಮಾಡಿದೆ?"

ಶ್ರೀಜ ಕೈಯಲ್ಲಿದ್ದ ಟವಲು ಮಡಚತೊಡಗಿದಳು.

"ಮಾಡಿದಷ್ಟೂ ಕೆಡ್ತದೆ" ಅಂದ ಸುಧೀಶ. "ಇರಲಿ, ಫೈಲುಗಳು ಕಾಣಿಸೋದೇನೋ ಕಾಣಿಸ್ತಿವೆ. ಎಲ್ಲಾ ಒಟ್ಟಿಗೆ ಎಳೆಯೋಕೆ ಆಗಲ್ಲ. ಯಾವುದು ಮೊದಲು ಬೇಕು, ಹೇಳು."

ಪರದೆಯ ಮೇಲೆ ಫೋಲ್ಡರುಗಳ ಸಾಲು. ಇಷ್ಟು ವರ್ಷದ ಕಾರ್ಯಕ್ರಮಗಳು. ಮಗಳ ಮೊದಲ ಹುಟ್ಟುಹಬ್ಬದ ಫೋಟೊಗಳು. ಶ್ರೀಜಳ ತೀರಿಹೋದ ಅಪ್ಪ ಒಂದು ಸಂಜೆ ಕೂತು ಹಾಡಿದ ಹಾಡು ಕೂಡ ಅಲ್ಲೇ ಇತ್ತು. ಶ್ರೀಜಳ ಕಣ್ಣು ಅದರ ಮೇಲೆ ನಿಂತಿತು. ಅಪ್ಪನ ಹಾಡನ್ನು ಮೊದಲು ತೆಗೆ ಅಂದರೆ ಸುಧೀಶ ಬೇಡ ಅನ್ನುತ್ತಿರಲಿಲ್ಲ, ಹಾಡಿಯಲ್ಲಿ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ.

"ಆ ಕೆಳಗಿಂದು" ಅಂದಳು. "ಕುಳ್ಳನ್ ಅಂತ ಬರೆದಿದೆಯಲ್ಲ, ಅದು."

ಎಷ್ಟು ನಕಲಾಯಿತೆಂದು ತೋರಿಸುವ ಹಸಿರು ಪಟ್ಟಿ ಇಂಚಿಂಚೇ ಸರಿಯಿತು, ನಿಂತಿತು. ಶ್ರೀಜ ಅಂಗಡಿಯ ಮೆಟ್ಟಿಲು ಇಳಿದಳು, ಹತ್ತಿದಳು. ಸುಧೀಶ ತಂದುಕೊಟ್ಟ ಚಹಾ ಆರಿತು. ರೇಡಿಯೊದ ಮೇಲ್ವಿಚಾರಕಿ ಶೋಭ ಫೋನ್ ಮಾಡಿದಳು. "ಬರ್ತಿದ್ದೀನಿ ಚೇಚಿ, ಬಂದೇ ಬರ್ತೀನಿ" ಅಂತ ಶ್ರೀಜ ಆ ಅಕ್ಕನಿಗೆ ಕೂಗಿಯೇ ಹೇಳಿದಳು. ಪಟ್ಟಿ ಮತ್ತೆ ಅಲುಗಿತು. ಹೆಡ್‌ಫೋನ್ ಹಾಕಿ ಕೇಳಿದಾಗ ಕುಳ್ಳನ ಕೆಮ್ಮು ಕೇಳಿಸಿತು, ಆಮೇಲೆ ಮಾತು, ಕೊನೆಯವರೆಗೂ.

ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ರೇಡಿಯೊಗೆ ಹೋಗಲು ಆಟೊ ಹತ್ತಿದಳು. "ಉಳಿದದ್ದನ್ನೂ ನೋಡ್ತೀನಿ" ಅಂತ ಸುಧೀಶ ಹಿಂದಿನಿಂದ ಹೇಳಿದ.

ಸಂಜೆ ಕುಳ್ಳನ ದನಿ ಗಾಳಿಯಲ್ಲಿ ಹೋಯಿತು. "ಸುಮೇಶಾ, ನಾನು ಕುಳ್ಳನ್. ಬರಬೇಡ ಅಂದಿದ್ದು ನಾನೇ. ಈಗ ಬಾ ಅಂತಿರೋದೂ ನಾನೇ. ನಿನ್ನ ಮೇಲೆ ಕೋಪ ಇನ್ನೂ ಸ್ವಲ್ಪ ಇದೆ. ಇದ್ದರೆ ಇರಲಿ, ಬಾ." ಅಷ್ಟೇ. ಶ್ರೀಜ ಏನನ್ನೂ ಕತ್ತರಿಸದೆ ಹಾಗೇ ಬಿಟ್ಟಳು.

ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಮರುದಿನ ಶೋಭ ಫೋನ್ ಮಾಡಿದಳು. ಶುಂಠಿ ಗುಂಪಿನ ಹೆಂಗಸೊಬ್ಬಳು ಸ್ಟುಡಿಯೊಗೆ ಕರೆ ಮಾಡಿದ್ದಳಂತೆ. ಊಟ ಮಾಡುತ್ತಾ ಮೊಬೈಲಿನಲ್ಲಿ ರೇಡಿಯೊ ಹಾಕಿದ್ದರು. ಸುಮೇಶ ಕೇಳಿದ, ತಟ್ಟೆ ಕೆಳಗಿಟ್ಟು ಎದ್ದುಹೋದ. ಬೆಳಿಗ್ಗೆ ಹಾಸನದ ಲಾರಿ ಹತ್ತಲಿಲ್ಲ. ಎಲ್ಲಿ ಹೋದನೋ ಅವಳಿಗೂ ಗೊತ್ತಿಲ್ಲ.

ಇದನ್ನು ವೆಳ್ಳಚ್ಚಿಗೆ ಹೇಳುವುದೋ ಬೇಡವೋ ಎಂದು ಶ್ರೀಜ ಅಂಗಳದಲ್ಲಿ ಓಡಾಡಿದಳು. ಸುಧೀಶನ ಕರೆಯೂ ಬಂತು. "ರಾತ್ರಿ ಡಿಸ್ಕ್ ಪೂರ್ತಿ ನಿಂತುಹೋಯ್ತು. ಬೇರೇನೂ ಸಿಗಲಿಲ್ಲ." ಫೋನ್ ಇಟ್ಟು ಅವಳು ಹಿತ್ತಲಿಗೆ ಹೋಗಿ ಅತ್ತಳು. ಅಪ್ಪನ ಹಾಡಿನ ಎರಡು ಸಾಲು ಅವಳ ಬಾಯಿಗೆ ಬರುತ್ತಿತ್ತು, ಮೂರನೆಯದು ಎಷ್ಟು ಹುಡುಕಿದರೂ ಬರಲಿಲ್ಲ.

ಕುಳ್ಳನ್ ಜೇನು ತಂದ ದಿನ ಸುಮೇಶ ಅಣ್ಣನ ಜಗಲಿಯಲ್ಲಿ ಕೂತಿದ್ದ. ಕುಟ್ಟದಲ್ಲಿ ಪರಿಚಯದವರ ಮನೆಯಲ್ಲಿ ಇದ್ದು, ಹೋಗುವುದೋ ಬೇಡವೋ ಅಂತ ಮನಸ್ಸಿನಲ್ಲೇ ಗುದ್ದಾಡಿ ಕೊನೆಗೆ ಬಂದಿದ್ದ. ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡಿದರು. ಕುಳ್ಳನ್ ಜೇನು ಕೆಳಗಿಳಿಸಿ ತಮ್ಮನ ಪಕ್ಕ ಕೂತ. ವೆಳ್ಳಚ್ಚಿ ಇಬ್ಬರಿಗೂ ಗಂಜಿ ಬಡಿಸಿದಳು.

ಸ್ವಲ್ಪ ದಿನ ಬಿಟ್ಟು ಹೊಸ ಡಿಸ್ಕ್ ಹಾಕಿಸಿಕೊಂಡು ಬಂದ ಶ್ರೀಜ, ರೇಡಿಯೊದಲ್ಲಿ ನೀನೂ ಎರಡು ಮಾತು ಹೇಳು ಅಂತ ಸುಮೇಶನನ್ನು ಕೇಳಿದಳು. ಅವನು ಸೌದೆ ಸೀಳುತ್ತಿದ್ದ.

"ಬಂದಿದ್ದೀನಲ್ಲ ಅಕ್ಕ," ಅಂದ, "ಇನ್ನೇನು ಹೇಳೋದು."