ಅಣ್ಣನ ಬೆನ್ನ ಮೇಲೆ ಇಟ್ಟ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮ ಅರಕೇರಾ ಕಡೆ ಹಾಗೆ ಹುಟ್ಟಿದವರ ಕಾಲಿಗೆ ಗುಣವಿದೆ ಎಂದು ನಂಬುತ್ತಾರೆ. ಬೆನ್ನು ಹಿಡಿದುಕೊಂಡವರು ಬಂದು ಬೋರಲು ಮಲಗುತ್ತಾರೆ, ನಾವು ಮೂರು ಸಲ ತುಳಿಯಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಊರಲ್ಲಿ ಇದ್ದ ಮರ್ಯಾದೆ ಅದೊಂದೇ. ದೇವದುರ್ಗದ ಸಂತೆಗೆ ಹೋದರೂ ಯಾರಾದರೂ ಗುರುತು ಹಿಡಿದು, ಅಂಗಡಿ ಹಿಂದೆ ಕರೆದೊಯ್ದು ಬೆನ್ನು ಕೊಡುತ್ತಿದ್ದರು. ಹಲವರಿಗೆ ನೋವು ಕಡಿಮೆಯಾಗುತ್ತಿತ್ತು. ಯಾಕೆ ಎಂದು ನಾನು ಯೋಚಿಸಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಇಪ್ಪತ್ತರ ಆಸುಪಾಸು. ಅಣ್ಣನೂ ನಾನೂ ಕುರಿ ಕಾಯುತ್ತಿದ್ದೆವು. ಬೇಸಿಗೆ, ಹುಲ್ಲಿರಲಿಲ್ಲ. ಅಣ್ಣ ಜಾಲಿ ಮರ ಹತ್ತಿ ಕೊಂಬೆ ಕಡಿದು ಕುರಿಗಳಿಗೆ ಹಾಕುತ್ತಿದ್ದ. ಒಂದು ದಿನ ಅವನು ನಿಂತ ಕೊಂಬೆಯೇ ಸೀಳಿತು. ಕೆಳಗಿನ ಬಂಡೆಗೆ ಬೆನ್ನು ಬಡಿಯಿತು.

ಎಚ್ಚರವಿತ್ತು. ನಡು ಸುಡುತ್ತಿದೆ ಎಂದ. ನಾನು ಅವನ ಮೆಟ್ಟು ಬಿಚ್ಚಿ ಪಾದ ಒತ್ತಿದೆ. ಹೆಬ್ಬೆರಳು ಆಡಿಸಿದ, ಎರಡೂ ಕಾಲಿನದು. ಅದನ್ನು ಕಣ್ಣಾರೆ ನೋಡಿದೆ. ಬೆನ್ನು ಹಿಡಿದಿದೆ, ಅಷ್ಟೇ ಅಂದುಕೊಂಡೆ. ಆಚೆ ಹೊಲದಿಂದ ಓಡಿಬಂದ ಇಬ್ಬರೂ ಅದನ್ನೇ ಹೇಳಿದರು. ತುಳಿಯುವವನು ಮನೆಯಲ್ಲೇ ಇರುವಾಗ ದೇವದುರ್ಗದ ಆಸ್ಪತ್ರೆ ತನಕ ಯಾಕೆ ಹೊರಬೇಕು ಎಂದು ಒಬ್ಬ ನಕ್ಕ. ಅಣ್ಣನೂ ಒಪ್ಪಿದ.

"ತುಳಿಯಲೇ ತಮ್ಮಾ. ಊರ ಮಂದಿನೆಲ್ಲಾ ತುಳೀತಿ, ನನಗ್ಯಾಕ ಅಂಜ್ತಿ?"

ಮೂವರೂ ಸೇರಿ ಅವನನ್ನು ಬೋರಲು ತಿರುವಿದೆವು. ಒಂದು ಸಲ ತುಳಿದೆ. ಎರಡನೇ ಸಲಕ್ಕೆ ಅಣ್ಣ ಚೀರಿದ. ಮೂರು ಆಗಲೇಬೇಕು ಎಂದು ಮೂರನೆಯದನ್ನೂ ತುಳಿದೆ. ಅಣ್ಣ ಸುಮ್ಮನಾದ. ಆಮೇಲೆ ಬೆರಳು ಆಡಲಿಲ್ಲ. ಜಾಲಿ ಮುಳ್ಳು ಚುಚ್ಚಿದರೂ ಅವನಿಗೆ ಗೊತ್ತಾಗಲಿಲ್ಲ.

ಎತ್ತಿನ ಗಾಡಿಯಲ್ಲಿ ದೇವದುರ್ಗ, ಅಲ್ಲಿಂದ ಲಾರಿಯಲ್ಲಿ ರಾಯಚೂರು. ಆಸ್ಪತ್ರೆಯಲ್ಲಿ ಅಣ್ಣನ ಪಕ್ಕದ ಮಂಚದಲ್ಲಿ ಮಾನ್ವಿ ಕಡೆಯ ಮುದುಕನೊಬ್ಬ ಇದ್ದ. ಪೆಟ್ಟು ಬಿದ್ದದ್ದು ತಲೆಯ ಎಡಕ್ಕೆ, ಸತ್ತುಹೋಗಿದ್ದು ಬಲಗೈ, ಬಲಗಾಲು. ಇದೆಂಥದು ಎಂದು ಡಾಕ್ಟರನ್ನು ಕೇಳಿದೆ. ಕೈಕಾಲಿಗೆ ಹುಕುಂ ಕೊಡುವುದು ಮಿದುಳು, ಅದರ ಎಡಭಾಗ ಬಲಮೈಗೆ ಕೊಡುತ್ತದೆ, ಬಲಭಾಗ ಎಡಮೈಗೆ ಎಂದರು. ಆ ಹುಕುಂ ಇಳಿದು ಬರುವ ಹುರಿ ಬೆನ್ನೆಲುಬಿನೊಳಗೆ ಇದೆಯಂತೆ. ಕಿರುಬೆರಳಿಗಿಂತ ದಪ್ಪವಿಲ್ಲ, ತೀರಾ ಮೆತ್ತಗೆ. ಅಣ್ಣನ ಎಲುಬು ಮುರಿದು ಆ ಹುರಿ ಜಜ್ಜಿಹೋಗಿದೆ. ಅಲ್ಲಿಂದ ಕೆಳಕ್ಕೆ ಹುಕುಂ ಇಳಿಯುವುದಿಲ್ಲ. ಎಲುಬು ಕೂಡುತ್ತದೆ, ಹುರಿ ಕೂಡುವುದಿಲ್ಲ. ಬೆನ್ನಿಗೆ ಪೆಟ್ಟಾದವನನ್ನು ಅಲುಗಿಸದೆ ಹಲಗೆ ಮೇಲೆ ತರಬೇಕು ಎಂದೂ ಹೇಳಿದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು.

"ಬಿದ್ದ ಮ್ಯಾಲ ಕಾಲ್ಬೆರಳು ಆಡ್ತಿದ್ವೇನು?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ. "ಇಲ್ರೀ ಸಾಹೇಬ್ರ. ಬಿದ್ದಾಗನ ಹೋಗಿದ್ವು."

ನಾನು ಅಲ್ಲವೆನ್ನಲಿಲ್ಲ. ಡಾಕ್ಟರು ಅದನ್ನೇ ಬರೆದುಕೊಂಡರು.

ಅಣ್ಣ ಐದು ವರ್ಷ ಬದುಕಿದ. ಸೊಂಟದ ಹುಣ್ಣು ತೊಳೆದೆ, ಮಗ್ಗುಲು ಬದಲಿಸಿದೆ, ಉಚ್ಚೆ ಬಟ್ಟೆ ಒಗೆದೆ. ತಪ್ಪಾಯಿತು ಎಂಬ ಮಾತು ಮಾತ್ರ ಆಡಲಾಗಲಿಲ್ಲ. ಆಡಲು ಹೋದಾಗಲೆಲ್ಲ ಅವನು ಕುರಿಗಳ ಸುದ್ದಿ ತೆಗೆಯುತ್ತಿದ್ದ.

ಮೂರನೇ ವರ್ಷ ಕುರ್ಡಿ ಎಂಬ ಊರಿನವನೊಬ್ಬನನ್ನು ಗಾಡಿಯಲ್ಲಿ ಕರೆತಂದರು. ಮಾಳಿಗೆಯಿಂದ ಬಿದ್ದಿದ್ದ, ಬೆನ್ನು ತುಳಿ ಎಂದರು. ಆಗುವುದಿಲ್ಲ ಎಂದೆ. ಅಷ್ಟು ದೂರದಿಂದ ಬಂದಿದ್ದೇವೆ, ನಿನಗೆ ಸೊಕ್ಕು ಎಂದು ಅವನ ಜೊತೆಯವರು ಬೈದರು. ಯಾಕೆ ತುಳಿಯುವುದಿಲ್ಲ ಎಂದು ಹೇಳಲು ಆಗಲೂ ನನಗೆ ಬಾಯಿ ಬರಲಿಲ್ಲ. ಒಳಗೆ ಮಲಗಿದ್ದ ಅಣ್ಣನೇ ಮಾತಾಡಿದ.

"ಅವನ್ನ ಬೈಬ್ಯಾಡ್ರಿ. ಹಲಗಿ ಮ್ಯಾಲ ಮಲಗಿಸಿ ರಾಯಚೂರಿಗೆ ಒಯ್ರಿ. ನನ್ನ ಬೆರಳೂ ಆಡ್ತಿದ್ವು, ತುಳಿಸ್ಕೊಂಡೆ."

ಅವರು ನನ್ನ ಮುಖ ನೋಡಿದರು, ಮತ್ತೆ ಬೈಯಲಿಲ್ಲ. ನಾನು ಹಿತ್ತಿಲ ಬಾಗಿಲು ಕಿತ್ತು ಗಾಡಿಯಲ್ಲಿ ಹಾಸಿದೆ. ಅವನನ್ನು ಅಲುಗಿಸದೆ ಅದರ ಮೇಲೆ ಮಲಗಿಸಿದೆವು. ಅವನ ಬೆರಳು ಇನ್ನೂ ಆಡುತ್ತಿದ್ದವು. ಅಣ್ಣನ ಬೆರಳೂ ತುಳಿಯುವ ಮೊದಲು ಹೀಗೇ ಆಡುತ್ತಿದ್ದವು ಎಂಬುದು ಡಾಕ್ಟರ ಮುಂದೆ ನಾನು ಹೇಳಬೇಕಿದ್ದ ಮಾತು. ಅದನ್ನೂ ಅಣ್ಣನೇ ಹೇಳಬೇಕಾಯಿತು.